ಮಗುವಿನ ಹೊಟ್ಟೆನೋವು ಯಾರ ಖಾತೆಗೆ?



ಬೆಲೆ, ಸಾಲ, ಜಪ್ತಿ, ಹರಾಜು ಇವುಗಳ ಬಗ್ಗೆ ಬರೆಯಬೇಕಾದ ಪುಟದಲ್ಲಿ ಮಗುವಿನ ಹೊಟ್ಟೆನೋವಿನ ಮಾತೇಕೆ ಎಂದು ನೀವು ಕೇಳಬಹುದು. ಕೇಳಲೇಬೇಕು. ನಿಮ್ಮೂರಿನಲ್ಲಿ ಸಾಲದಲ್ಲಿ ಮುಳುಗಿರುವ ಮನೆಗಳ ಜಗಲಿಯ ಮೇಲೆ ಒಂದಿಷ್ಟು ಹೊತ್ತು ಕೂತು, ಈ ಸಾಲದ ಬೇರು ಎಲ್ಲಿದೆ ಎಂದು ವಿಚಾರಿಸಿ ನೋಡಿ. ಕೊಳವೆ ಬಾವಿ ಎನ್ನುವವರಿದ್ದಾರೆ, ಬೆಲೆ ಬಿತ್ತು ಎನ್ನುವವರಿದ್ದಾರೆ, ಮದುವೆ ಎನ್ನುವವರಿದ್ದಾರೆ. ಇನ್ನೂ ಸ್ವಲ್ಪ ಹೊತ್ತು ಕೂತರೆ ದನಿ ತಗ್ಗಿಸಿ ‘ಆಸ್ಪತ್ರೆ’ ಎನ್ನುವವರೂ ಸಿಗುತ್ತಾರೆ. ಬಾವಿಯ ಸಾಲವನ್ನು ಎದೆ ತಟ್ಟಿ ಹೇಳುವ ರೈತ ಮಗುವಿನ ಕಾಯಿಲೆಯ ಸಾಲವನ್ನು ಮಾತ್ರ ಕಳ್ಳತನ ಮಾಡಿದವನ ಹಾಗೆ ತಲೆ ತಗ್ಗಿಸಿ ಹೇಳುತ್ತಾನೆ. ಯಾಕೆ ತಗ್ಗಿಸಬೇಕು? ಅದು ಅವನ ತಪ್ಪೇ? ನಾವು ಇಲ್ಲಿ ಕೇಳಲು ಹೊರಟಿರುವುದು ಇಷ್ಟನ್ನೇ.

ಒಂದು ಮನೆಯನ್ನು ಕಣ್ಣಮುಂದೆ ತಂದುಕೊಳ್ಳಿ. ಹೆಸರು, ಊರು ಬೇಡ. ಇದು ಯಾರೋ ಒಬ್ಬರ ಮನೆಯಲ್ಲ, ಎಲ್ಲಾ ತಾಲ್ಲೂಕಿನಲ್ಲೂ ಇರುವಂಥ ಮನೆ. ಮೂರು ಎಕರೆ ಜಮೀನು. ಎರಡೆಕರೆಯಲ್ಲಿ ಮಳೆ ನಂಬಿದ ರಾಗಿ, ಒಂದೆಕರೆಯಲ್ಲಿ ಕೊಳವೆ ಬಾವಿ ನಂಬಿದ ಟೊಮೇಟೊ, ಕೊಟ್ಟಿಗೆಯಲ್ಲಿ ಎರಡು ಸೀಮೆಹಸು. ನಾಲ್ಕು ವರ್ಷದ ಹೆಣ್ಣು ಮಗು. ಈ ಮಗುವಿಗೆ ಭೇದಿ ಶುರುವಾಗುತ್ತದೆ. ಮೊದಲ ವಾರ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ, ಮಕ್ಕಳಿಗೆ ಭೇದಿಯಾಗುವುದು ಹೊಸದಲ್ಲ. ಎರಡನೆಯ ವಾರ ಅಜ್ಜಿ ದೃಷ್ಟಿ ತೆಗೆಯುತ್ತಾಳೆ. ಮೂರನೆಯ ವಾರ ಹುಳುವಿನ ಮಾತ್ರೆ. ನಾಲ್ಕನೆಯ ವಾರ ಮಲದಲ್ಲಿ ಲೋಳೆ, ಲೋಳೆಯ ಜೊತೆಗೆ ರಕ್ತ.

ಅಲ್ಲಿಂದ ಓಡಾಟ. ಸಂತೆಯೂರಿನಲ್ಲಿ ಬಂದವರಿಗೆಲ್ಲಾ ಸೂಜಿ ಚುಚ್ಚುವ ಡಾಕ್ಟರು. ತಾಲ್ಲೂಕು ಆಸ್ಪತ್ರೆಯಲ್ಲಿ ‘ಆಮಶಂಕೆ’ ಎಂದು ಐದು ದಿನದ ಮಾತ್ರೆ. ಎರಡು ವಾರ ಕಮ್ಮಿಯಾದ ಹಾಗೆ ಕಾಣುತ್ತದೆ, ಮತ್ತೆ ಶುರು. ಜಿಲ್ಲಾ ಕೇಂದ್ರದ ನರ್ಸಿಂಗ್ ಹೋಮಿನಲ್ಲಿ ಸ್ಕ್ಯಾನಿಂಗು. ಒಬ್ಬರು ಮೂಲವ್ಯಾಧಿ ಎನ್ನುತ್ತಾರೆ, ಇನ್ನೊಬ್ಬರು ಹಾಲು ಒಗ್ಗುತ್ತಿಲ್ಲ ಎನ್ನುತ್ತಾರೆ, ಮತ್ತೊಬ್ಬರು ಕರುಳಿನ ಕ್ಷಯ ಇರಬಹುದು ಎನ್ನುತ್ತಾರೆ. ಹೋದ ವರ್ಷದ ಜಾತ್ರೆಗೆ ಹೊಲಿಸಿದ ಲಂಗ ಈ ವರ್ಷದ ಜಾತ್ರೆಗೂ ಸರಿಯಾಗಿ ಕೂರುತ್ತದೆ. ಆಗ ತಾಯಿಗೆ ಎದೆ ಧಸಕ್ ಎನ್ನುತ್ತದೆ. ಮಗು ಬೆಳೆದೇ ಇಲ್ಲ.

ರಾತ್ರಿ ಮೂರು ಸಲ ಎದ್ದು ಬಟ್ಟೆ ತೊಳೆಯುವವಳು ಅವಳು. ಟಾರ್ಚು ಹಿಡಿದು ಮಲದಲ್ಲಿ ರಕ್ತ ಇದೆಯೇ ಎಂದು ನೋಡುವವಳು ಅವಳು. ಮಂಡಿಯಿಂದ ಫೋನು ಮಾಡಿದ ಗಂಡ ಬಾಕ್ಸಿನ ರೇಟು ಹೇಳಿ, ‘ಇವತ್ತು ಎಷ್ಟು ಸಲ ಹೋದ್ಲು? ರಕ್ತ ಇತ್ತಾ?’ ಎಂದು ಕೇಳುತ್ತಾನೆ. ಆ ಮನೆಯಲ್ಲಿ ಬೆಳಗು ಹೇಗಿರುತ್ತದೆ, ರಾತ್ರಿ ಹೇಗಿರುತ್ತದೆ ಎಂಬುದನ್ನು ತೀರ್ಮಾನಿಸುವುದು ಈ ಎರಡು ಲೆಕ್ಕಗಳೇ.

ಕಡೆಗೆ ಬೆಂಗಳೂರು. ಅಲ್ಲಿ ಮಕ್ಕಳ ಕರುಳಿನ ತಜ್ಞರು ಕಾಗದಗಳನ್ನೆಲ್ಲಾ ನೋಡಿ, ‘ಇದು ಐ.ಬಿ.ಡಿ. ಇರಬಹುದು’ ಎನ್ನುತ್ತಾರೆ. ಇರಬಹುದು! ಹೌದು ಅಂತಲೂ ಇಲ್ಲ, ಅಲ್ಲ ಅಂತಲೂ ಇಲ್ಲ. ಅಷ್ಟು ಹೊತ್ತಿಗೆ ಒಂದು ಹಸು ಮಾರಿಯಾಗಿದೆ, ಓಲೆ ಅಡವು ಬಿದ್ದಿದೆ, ಸ್ವಸಹಾಯ ಸಂಘದ ಸಾಲ ಮುಗಿದು ಕಿರುಸಾಲದ ಕಂಪನಿಯ ಸಾಲ ಶುರುವಾಗಿದೆ, ನೋಡುವವರಿಲ್ಲದೆ ಟೊಮೇಟೊ ಗಿಡ ಅಂಗಮಾರಿಗೆ ತುತ್ತಾಗಿದೆ. ಗಮನಿಸಿ, ರೋಗಕ್ಕೆ ಇನ್ನೂ ಹೆಸರು ಬಿದ್ದಿಲ್ಲ, ಸಾಲಕ್ಕೆ ಆಗಲೇ ಮೂರು ಹೆಸರು ಬಿದ್ದಿವೆ.

ಈ ಐ.ಬಿ.ಡಿ. ಎಂದರೆ ಏನು? ಕರುಳಿನ ಉರಿಯೂತದ ಕಾಯಿಲೆ. ರೋಗದ ಹುಳುಗಳ ಮೇಲೆ ಯುದ್ಧ ಮಾಡಬೇಕಾದ ದೇಹದ ರಕ್ಷಣಾ ಶಕ್ತಿ ದಾರಿ ತಪ್ಪಿ ತನ್ನದೇ ಕರುಳಿನ ಮೇಲೆ ಬೀಳುತ್ತದೆ. ಕಾವಲಿಗಿಟ್ಟ ನಾಯಿ ಮನೆಯವರನ್ನೇ ಕಚ್ಚಿದ ಹಾಗೆ. ಇದರಲ್ಲಿ ಮುಖ್ಯವಾಗಿ ಎರಡು ಬಗೆ. ದೊಡ್ಡ ಕರುಳಿನ ಒಳಪದರದಲ್ಲಿ ಹುಣ್ಣಾಗುವುದು ಅಲ್ಸರೇಟಿವ್ ಕೊಲೈಟಿಸ್. ಬಾಯಿಂದ ಗುದದವರೆಗೆ ಎಲ್ಲಿ ಬೇಕಾದರೂ, ಕರುಳಿನ ಗೋಡೆಯ ಆಳಕ್ಕೂ ಇಳಿಯುವುದು ಕ್ರೋನ್ಸ್ ಕಾಯಿಲೆ. ೧೯೩೨ರಲ್ಲಿ ನ್ಯೂಯಾರ್ಕಿನ ವೈದ್ಯ ಬರಿಲ್ ಕ್ರೋನ್ ಮತ್ತು ಅವರ ಇಬ್ಬರು ಸಹೋದ್ಯೋಗಿಗಳು ಇದನ್ನು ವಿವರಿಸಿದ್ದರಿಂದ ಆ ಹೆಸರು. ಬಹಳ ಕಾಲ ಇದು ಬಿಳಿಯರ ರೋಗ, ನಮ್ಮಲ್ಲಿ ಇಲ್ಲ ಎಂದೇ ನಂಬಿದ್ದರು. ಈಗ ನಮ್ಮ ದೇಶದಲ್ಲೂ ಹೆಚ್ಚುತ್ತಿದೆ. ಆರು ವರ್ಷದೊಳಗಿನ ಮಕ್ಕಳಲ್ಲಿ ಅಪರೂಪ, ಆದರೆ ಬಂದರೆ ಪತ್ತೆ ಹಚ್ಚುವುದು ಬಹಳ ಕಷ್ಟ.

ಇದು ಅಂಟುರೋಗವಲ್ಲ. ತಾಯಿ ತಿನ್ನಿಸಿದ್ದರಿಂದ ಬಂದದ್ದಲ್ಲ, ತಿನ್ನಿಸದೆ ಇದ್ದದ್ದರಿಂದಲೂ ಬಂದದ್ದಲ್ಲ. ದೃಷ್ಟಿಯೂ ಅಲ್ಲ, ಶಾಪವೂ ಅಲ್ಲ. ಅನುವಂಶೀಯತೆ, ಕರುಳಿನೊಳಗಿನ ಸೂಕ್ಷ್ಮಜೀವಿಗಳು, ಬದಲಾದ ಪರಿಸರ ಇವೆಲ್ಲಾ ಸೇರಿ ಬರುವ ಕಾಯಿಲೆ. ಬೇರು ಸಮೇತ ಕಿತ್ತುಹಾಕುವ ಔಷಧಿ ಇನ್ನೂ ಬಂದಿಲ್ಲ. ಆದರೆ ಹತೋಟಿಯಲ್ಲಿಡುವ ಔಷಧಿಗಳಿವೆ. ಸರಿಯಾಗಿ ಚಿಕಿತ್ಸೆ ಸಿಕ್ಕ ಮಗು ಬೆಳೆಯುತ್ತದೆ, ಓದುತ್ತದೆ, ನಾಳೆ ನಮ್ಮ ಹೊಲದಲ್ಲೂ ನಿಲ್ಲುತ್ತದೆ. ಹತೋಟಿ ತಪ್ಪಿದರೆ ರಕ್ತಹೀನತೆ, ಕುಂಠಿತ ಬೆಳವಣಿಗೆ, ಕರುಳು ಕಿರಿದಾಗಿ ಶಸ್ತ್ರಚಿಕಿತ್ಸೆ. ಅಂದರೆ ಇಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು ಕಾಲ. ಆ ಕಾಲವನ್ನೇ ನಮ್ಮ ವ್ಯವಸ್ಥೆ ರೈತನ ಕೈಯಿಂದ ಕಿತ್ತುಕೊಳ್ಳುತ್ತದೆ.

ವೈದ್ಯರು ‘ಇರಬಹುದು’ ಎಂದದ್ದು ತಪ್ಪಲ್ಲ. ಈ ರೋಗವನ್ನು ಒಂದೇ ಪರೀಕ್ಷೆಯಿಂದ ಹೇಳಲು ಬರುವುದಿಲ್ಲ. ಮೊದಲು ಮಲಪರೀಕ್ಷೆ ಮಾಡಿ ಸೋಂಕು ಇಲ್ಲವೆಂದು ತಿಳಿಯಬೇಕು. ರಕ್ತದಲ್ಲಿ ಹಿಮೋಗ್ಲೋಬಿನ್, ಇ.ಎಸ್.ಆರ್., ಸಿ.ಆರ್.ಪಿ., ಅಲ್ಬುಮಿನ್ ನೋಡಬೇಕು. ಕ್ಯಾಲ್‌ಪ್ರೊಟೆಕ್ಟಿನ್ ಎಂಬ ಮಲಪರೀಕ್ಷೆ ಕರುಳಿನಲ್ಲಿ ಉರಿಯೂತ ಇದೆಯೋ ಇಲ್ಲವೋ ಎಂಬ ಸುಳಿವು ಕೊಡುತ್ತದೆ. ಕಡೆಗೆ ಮಗುವಿಗೆ ಅರಿವಳಿಕೆ ಕೊಟ್ಟು, ಕರುಳಿನೊಳಗೆ ಕೊಳವೆ ಇಳಿಸಿ ನೋಡಿ, ಚೂರು ತೆಗೆದು ಪರೀಕ್ಷಿಸಬೇಕು. ಕೈಗೂಸಿಗೆ ಹಸುವಿನ ಹಾಲಿನ ಅಲರ್ಜಿಯಿಂದಲೂ ರಕ್ತ ಬರಬಹುದು. ಕರುಳಿನ ಕ್ಷಯಕ್ಕೂ ಕ್ರೋನ್ಸಿಗೂ ಎಷ್ಟು ಹೋಲಿಕೆಯೆಂದರೆ ಅನುಭವಿ ವೈದ್ಯರೂ ತಡವರಿಸುತ್ತಾರೆ. ಕ್ಷಯ ನಮ್ಮಲ್ಲಿ ಹೆಚ್ಚಾಗಿರುವುದರಿಂದ ಮೊದಲು ಅದನ್ನೇ ಅನುಮಾನಿಸುವುದು ಸಹಜ. ಆದರೆ ಎರಡು ಮೂರು ತಿಂಗಳು ಕ್ಷಯದ ಮಾತ್ರೆ ನುಂಗಿದರೂ ಮಗು ಸುಧಾರಿಸದಿದ್ದರೆ ಮತ್ತೆ ಯೋಚಿಸಬೇಕು. ಆ ಯೋಚನೆ ಮಾಡುವವರು ಇನ್ನೂರು ಮೈಲಿ ದೂರದಲ್ಲಿ ಕೂತಿದ್ದರೆ ನಾವೇನು ಮಾಡೋಣ?

ಈಗ ಸರ್ಕಾರದವರು ಎದ್ದು ನಿಲ್ಲುತ್ತಾರೆ. ‘ಕಾರ್ಡ್ ಕೊಟ್ಟಿದ್ದೀವಲ್ಲ!’ ಎನ್ನುತ್ತಾರೆ. ಸರಿ, ಕಾರ್ಡಿನ ಲೆಕ್ಕವನ್ನೇ ನೋಡೋಣ.

೨೦೧೮ರಲ್ಲಿ ಕೇಂದ್ರದ ಆಯುಷ್ಮಾನ್ ಭಾರತ ಬಂತು. ನಮ್ಮ ರಾಜ್ಯದ ಆರೋಗ್ಯ ಕರ್ನಾಟಕವನ್ನು ಅದೇ ವರ್ಷ ಅದರ ಜೊತೆ ಸೇರಿಸಿದರು. ಆದ್ಯತಾ ಪಡಿತರ ಚೀಟಿ ಇರುವ ಕುಟುಂಬಕ್ಕೆ ವರ್ಷಕ್ಕೆ ೫ ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ. ಚೀಟಿ ಇಲ್ಲದವನಿಗೆ ನಿಗದಿ ದರದ ನೂರಕ್ಕೆ ೩೦ ಭಾಗ ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ. ಪಹಣಿಯಲ್ಲಿ ಜಮೀನು ಮಿತಿಗಿಂತ ಜಾಸ್ತಿ ಇದ್ದರೆ ಸಾಕು, ಬೋರು ಬತ್ತಿದ್ದರೂ, ಬೆಲೆ ಬಿದ್ದಿದ್ದರೂ, ನಾವು ಸಾಹುಕಾರರು! ಕಂದಾಯ ಇಲಾಖೆಯ ಕಣ್ಣಿಗೆ ಜಮೀನು ಕಾಣುತ್ತದೆ, ಜಮೀನಿನ ಮೇಲಿರುವ ಸಾಲ ಕಾಣುವುದಿಲ್ಲ.

ಹೋಗಲಿ, ಚೀಟಿ ಇದೆ ಎಂದೇ ಇಟ್ಟುಕೊಳ್ಳಿ. ಈ ವಿಮೆ ಹಣ ಕೊಡುವುದು ಮಗು ಹಾಸಿಗೆಯ ಮೇಲೆ ಮಲಗಿದಾಗ. ಕೇಂದ್ರದ ಯೋಜನೆಯ ನಿಯಮದ ಪ್ರಕಾರ ದಾಖಲಾಗುವ ಮುಂಚಿನ ೩ ದಿನ ಮತ್ತು ಬಿಡುಗಡೆಯಾದ ಮೇಲಿನ ೧೫ ದಿನದ ಖರ್ಚು ಸೇರುತ್ತದೆ. ನಮ್ಮ ಈ ಮಗುವಿನ ಕತೆ ನೆನಪು ಮಾಡಿಕೊಳ್ಳಿ. ದಾಖಲಾಗುವ ಮುಂಚೆ ಅಲೆದದ್ದು ೩ ದಿನವೇ? ಎಂಟು ತಿಂಗಳು! ಆ ಮೇಲೆ ಬೇಕಾದದ್ದು ೧೫ ದಿನದ ಔಷಧಿಯೇ? ೧೫ ವರ್ಷದ ಔಷಧಿ! ಹೊರರೋಗಿಯಾಗಿ ಮಾಡಿಸಿದ ಪರೀಕ್ಷೆಗಳು, ತಿಂಗಳು ತಿಂಗಳು ಕೊಳ್ಳುವ ಮಾತ್ರೆ, ಬಸ್ಸಿನ ಚಾರ್ಜು, ಬೆಂಗಳೂರಿನಲ್ಲಿ ಉಳಿದ ಖರ್ಚು, ಹೊಲ ಬಿಟ್ಟು ಹೋದ ದಿನಗಳು ಯಾವುದೂ ಆ ಕಾರ್ಡಿನೊಳಗೆ ಬರುವುದಿಲ್ಲ.

ನಮ್ಮದೇ ಸಹಕಾರಿಗಳ ಯಶಸ್ವಿನಿ ಯೋಜನೆ ೨೦೦೩ರಲ್ಲಿ ಜಾರಿಗೆ ಬಂತು. ಅದನ್ನು ೨೦೧೮ರಲ್ಲಿ ನಿಲ್ಲಿಸಿದರು. ರೈತರು ಕೂಗಾಡಿದ ಮೇಲೆ ೨೦೨೩ರ ಜನವರಿಯಿಂದ ಮತ್ತೆ ಶುರು ಮಾಡಿದರು. ಒಳ್ಳೆಯದೇ. ಆದರೆ ಅದೂ ಮುಖ್ಯವಾಗಿ ಶಸ್ತ್ರಚಿಕಿತ್ಸೆಯನ್ನು ನೋಡಿ ಮಾಡಿದ್ದು. ಅಂದರೆ ಏನಾಯಿತು? ಕರುಳು ಕೆಟ್ಟು ಕತ್ತರಿಸುವ ಹಂತಕ್ಕೆ ಬರಲಿ, ಆಗ ದುಡ್ಡು ಕೊಡುತ್ತೇವೆ. ಕೆಡದ ಹಾಗೆ ನೋಡಿಕೊಳ್ಳುವ ಮಾತ್ರೆಗೆ ಮಾತ್ರ ಕೊಡುವುದಿಲ್ಲ. ಇದೆಂಥಾ ಲೆಕ್ಕ ಸ್ವಾಮಿ? ಕಟ್ಟೆ ಒಡೆಯುವ ತನಕ ಕಾದು ಆ ಮೇಲೆ ಪರಿಹಾರ ಘೋಷಣೆ ಮಾಡುವ ಇಲಾಖೆಯ ಬುದ್ಧಿಯೇ ಇಲ್ಲೂ.

ಔಷಧಿಯ ಮಾತು ಬಂತಲ್ಲ, ಅದನ್ನೂ ಹೇಳಬೇಕು. ಕ್ರೋನ್ಸ್ ಇರುವ ಮಗುವಿಗೆ ಮೊದಲ ಹಂತದಲ್ಲಿ ಬೇರೆ ಯಾವ ಊಟವನ್ನೂ ಕೊಡದೆ ಆರರಿಂದ ಎಂಟು ವಾರ ವಿಶೇಷ ದ್ರವಾಹಾರ ಮಾತ್ರ ಕೊಡುವ ಚಿಕಿತ್ಸೆ ಇದೆ. ಸ್ಟೆರಾಯ್ಡಿನಷ್ಟೇ ಗುಣ, ಸ್ಟೆರಾಯ್ಡಿನ ಕೆಡುಕಿಲ್ಲ, ಮಗು ಬೆಳೆಯುತ್ತದೆ. ಆದರೆ ಡಬ್ಬಿಯ ಮೇಲೆ ಡಬ್ಬಿ ಕೊಳ್ಳಬೇಕು. ಅದು ಆಹಾರವಂತೆ, ಔಷಧಿಯಲ್ಲವಂತೆ. ಆದ್ದರಿಂದ ಕೊಳ್ಳುವ ಶಕ್ತಿ ಇರುವವನ ಮಗುವಿಗೆ ದ್ರವಾಹಾರ, ನಮ್ಮ ಮಗುವಿಗೆ ಅಗ್ಗದ ಸ್ಟೆರಾಯ್ಡ್. ಮೆಸಲಮೈನ್, ಅಜಥಯೋಪ್ರಿನ್ ಮಾತ್ರೆಗಳನ್ನು ವರ್ಷಗಟ್ಟಲೆ ನುಂಗಬೇಕು. ಅವೂ ನಾಟದಿದ್ದರೆ ಇನ್‌ಫ್ಲಿಕ್ಸಿಮಾಬ್ ಎಂಬ ಔಷಧಿಯನ್ನು ಮೊದಲ ದಿನ, ಎರಡನೆಯ ವಾರ, ಆರನೆಯ ವಾರ, ಆಮೇಲೆ ಎಂಟೆಂಟು ವಾರಕ್ಕೊಮ್ಮೆ ರಕ್ತನಾಳಕ್ಕೆ ಕೊಡಬೇಕು. ಎಂಟು ವಾರಕ್ಕೊಮ್ಮೆ! ನಮಗೆ ರಾಗಿಯ ದುಡ್ಡು ವರ್ಷಕ್ಕೊಂದು ಸಲ ಬರುತ್ತದೆ.

ಕ್ಷಯಕ್ಕೆ ಸರ್ಕಾರ ಪುಕ್ಕಟೆ ಮಾತ್ರೆ ಕೊಡುತ್ತದೆ. ಯಾಕೆ? ಅಂಟುರೋಗ, ಪಟ್ಟಣದವರಿಗೂ ಅಂಟೀತು. ಈ ರೋಗ ಅಂಟುವುದಿಲ್ಲ, ಆದ್ದರಿಂದ ಯಾರಿಗೂ ಭಯವಿಲ್ಲ. ಹೀಗೆಂದರೆ ಕಟುವಾಯಿತು ಎನ್ನುವವರು ಬೇರೆ ಕಾರಣ ಹೇಳಲಿ, ಕೇಳುತ್ತೇವೆ.

ಇನ್ನು ಮೂಲ ಪ್ರಶ್ನೆಗೆ ಬರೋಣ. ಬೆಲೆ.

ನಮ್ಮ ಬೆಳೆಗೆ ಬೆಂಬಲ ಬೆಲೆ ಶಿಫಾರಸು ಮಾಡುವ ಆಯೋಗ ಉತ್ಪಾದನಾ ವೆಚ್ಚವನ್ನು ಹೇಗೆ ಲೆಕ್ಕ ಹಾಕುತ್ತದೆ? ಬೀಜ, ಗೊಬ್ಬರ, ಕೂಲಿ, ಎತ್ತು, ಟ್ರ್ಯಾಕ್ಟರು ಬರೆಯುತ್ತಾರೆ. ಮನೆಯವರ ದುಡಿಮೆಗೆ ಆಳಿನ ಕೂಲಿಯ ದರ ಹಿಡಿಯುತ್ತಾರೆ. ಇನ್ನೊಂದು ಲೆಕ್ಕದಲ್ಲಿ ಜಮೀನಿನ ಬಾಡಿಗೆ, ಬಂಡವಾಳದ ಬಡ್ಡಿ ಸೇರಿಸುತ್ತಾರೆ. ಈ ದೊಡ್ಡ ಲೆಕ್ಕದ ಮೇಲೆ ಅರ್ಧ ಪಾಲು ಸೇರಿಸಿ ಬೆಲೆ ಕೊಡಬೇಕು ಎಂಬುದು ನಮ್ಮ ಬೇಡಿಕೆ, ಕೊಡುತ್ತಿರುವುದು ಚಿಕ್ಕ ಲೆಕ್ಕದ ಮೇಲೆ. ೨೦೨೫-೨೬ಕ್ಕೆ ರಾಗಿಗೆ ಕ್ವಿಂಟಾಲಿಗೆ ೪,೮೮೬ ರೂಪಾಯಿ ಎಂದು ಘೋಷಿಸಿದರು. ಟೊಮೇಟೊಗೆ ಆ ಭಾಗ್ಯವೂ ಇಲ್ಲ. ಈ ಲೆಕ್ಕಗಳನ್ನೆಲ್ಲಾ ತಿರುವಿ ಹಾಕಿ ನೋಡಿ. ಟ್ರ್ಯಾಕ್ಟರಿನ ಡೀಸೆಲ್ ಇದೆ, ಪಂಪಿನ ಸವಕಳಿ ಇದೆ. ಆ ಪಂಪು ನಡೆಸುವವನ ಮಗುವಿನ ಔಷಧಿ ಇಲ್ಲ.

ಕೈಗಾರಿಕಾ ಕಾರ್ಮಿಕನಿಗೆ ಹೇಗೆ? ಕನಿಷ್ಠ ಕೂಲಿಯಲ್ಲಿ ಊಟ, ಬಟ್ಟೆ, ಮನೆ ಇವಿಷ್ಟೇ ಅಲ್ಲ, ಮಕ್ಕಳ ವಿದ್ಯಾಭ್ಯಾಸ, ವೈದ್ಯಕೀಯ ಅಗತ್ಯ, ಹಬ್ಬ ಹರಿದಿನ, ಮುಪ್ಪು, ಮದುವೆ ಇವುಗಳಿಗಾಗಿ ನೂರಕ್ಕೆ ೨೫ ಭಾಗ ಇರಬೇಕೆಂದು ಸುಪ್ರೀಂ ಕೋರ್ಟು ೧೯೯೧ರಲ್ಲಿ ಹೇಳಿತು. ನ್ಯಾಯವಾದ ಮಾತು. ಸರ್ಕಾರಿ ನೌಕರನ ಮಗುವಿಗೆ ಕಾಯಿಲೆಯಾದರೆ ವೈದ್ಯಕೀಯ ವೆಚ್ಚ ಮರುಪಾವತಿ ಇದೆ. ಅದೂ ಇರಲಿ. ಯಾರ ಮಗುವಿಗೂ ತಪ್ಪಿಸಿ ಎಂದು ನಾವು ಹೇಳುತ್ತಿಲ್ಲ. ನಾವು ಕೇಳುವುದು, ಆ ಮಕ್ಕಳಿಗೆ ಇರುವ ಕರುಳು ನಮ್ಮ ಮಕ್ಕಳಿಗೆ ಇಲ್ಲವೇ? ರಾಗಿ ತಿನ್ನುವವರ ಮಗುವಿನ ಔಷಧಿಯನ್ನು ಸಂಬಳದಲ್ಲಿ ಸೇರಿಸುವ ದೇಶ ರಾಗಿ ಬೆಳೆಯುವವನ ಮಗುವಿನ ಔಷಧಿಯನ್ನು ರಾಗಿಯ ಬೆಲೆಯಲ್ಲಿ ಯಾಕೆ ಸೇರಿಸಬಾರದು?

ಬ್ಯಾಂಕಿನ ಲೆಕ್ಕ ಇದಕ್ಕಿಂತ ಚೆಂದ. ೧೯೯೮ರಲ್ಲಿ ಬಂದ ಕಿಸಾನ್ ಕ್ರೆಡಿಟ್ ಕಾರ್ಡಿನ ನಿಯಮವನ್ನು ೨೦೧೨ರಲ್ಲಿ ಪರಿಷ್ಕರಿಸಿದರು. ಬೆಳೆಸಾಲದ ಮಿತಿಯ ಮೇಲೆ ಕೃಷಿ ಆಸ್ತಿಗಳ ದುರಸ್ತಿಗೆ ನೂರಕ್ಕೆ ೨೦, ಕೊಯ್ಲಿನ ನಂತರದ ಖರ್ಚು ಮತ್ತು ಮನೆ ಖರ್ಚು ಎರಡೂ ಸೇರಿ ನೂರಕ್ಕೆ ೧೦. ಪಂಪು ಕೆಟ್ಟರೆ ಇಪ್ಪತ್ತು, ಮನೆಯೊಳಗಿನ ಜೀವಗಳಿಗೆಲ್ಲಾ ಸೇರಿ ಹತ್ತು, ಅದೂ ಸಾಲವಾಗಿ! ಉಳಿದದ್ದನ್ನು ಎಲ್ಲಿ ತರಬೇಕು? ಮಂಡಿಯ ದಲ್ಲಾಳಿಯ ಹತ್ತಿರ ಹೋಗಬೇಕು, ಮುಂಗಡ ತರಬೇಕು, ಮುಂದಿನ ಬೆಳೆಯನ್ನು ಅವನ ಮಂಡಿಗೇ ಹಾಕುತ್ತೇನೆಂದು ಒಪ್ಪಬೇಕು, ಅವನು ಹೇಳಿದ ರೇಟಿಗೆ ತಲೆಯಾಡಿಸಬೇಕು. ನೋಡಿ, ಮಗುವಿನ ಹೊಟ್ಟೆನೋವು ಹೇಗೆ ಸುತ್ತಿ ಬಳಸಿ ಟೊಮೇಟೊ ಬೆಲೆಗೆ ಬಂದು ಸೇರಿತು!

೨೦೧೮-೧೯ರಲ್ಲಿ ಸರ್ಕಾರವೇ ಮಾಡಿದ ಸಮೀಕ್ಷೆಯ ಪ್ರಕಾರ ದೇಶದ ಕೃಷಿ ಕುಟುಂಬದ ಸರಾಸರಿ ತಿಂಗಳ ಆದಾಯ ೧೦,೨೧೮ ರೂಪಾಯಿ. ಅದರಲ್ಲಿ ಬೆಳೆಯಿಂದ ಬಂದದ್ದು ೩,೭೯೮ ರೂಪಾಯಿ ಮಾತ್ರ. ನೂರಕ್ಕೆ ಐವತ್ತು ಕುಟುಂಬಗಳು ಸಾಲಗಾರರು, ಸರಾಸರಿ ಸಾಲ ೭೪,೧೨೧ ರೂಪಾಯಿ. ಈ ಆದಾಯದಲ್ಲಿ ಒಂದು ಮಗುವಿಗೆ ಜೀವನಪೂರ್ತಿ ಔಷಧಿ ಕೊಡಿಸಬೇಕಾದ ತಂದೆ ಸಾಲ ಮಾಡದೆ ಮತ್ತೇನು ಮಾಡುತ್ತಾನೆ? ೨೦೨೫ರಲ್ಲಿ ಕಿರುಸಾಲದವರ ಕಿರುಕುಳ ತಡೆಯಲು ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತು. ಮನೆ ಮುಂದೆ ಬಂದು ಕೂರುವವನನ್ನು ತಡೆದದ್ದು ಸರಿ. ಆದರೆ ನಮ್ಮನ್ನು ಅವನ ಬಾಗಿಲಿಗೆ ಕಳಿಸಿದವರು ಯಾರು ಎಂಬುದನ್ನು ಯಾವ ಆಜ್ಞೆಯೂ ಕೇಳಲಿಲ್ಲ. ಸಾಲ ಮನ್ನಾ ಬಂದಾಗಲೂ ಮುಖ್ಯವಾಗಿ ಮನ್ನಾ ಆಗುವುದು ಬೆಳೆಸಾಲ. ಆಸ್ಪತ್ರೆಗೆ ಮಾಡಿದ ಕೈಸಾಲ ಅದರೊಳಗೆ ಬರುವುದು ಅಪರೂಪ.

ಸರ್ಕಾರವನ್ನು ಬೈದದ್ದಾಯಿತು. ಈಗ ನಮ್ಮನ್ನೂ ನಾವು ಸ್ವಲ್ಪ ಬೈದುಕೊಳ್ಳೋಣ.

ಮಗು ಸೊರಗಿದರೆ ಮೊದಲು ಹೆತ್ತವಳ ಮೇಲೆ ಎಗರುವವರು ನಾವೇ. ‘ಸರಿಯಾಗಿ ಉಣ್ಣಿಸಲಿಲ್ಲ’, ‘ಅವಳ ಕಾಲ್ಗುಣ’ ಎನ್ನುತ್ತೇವೆ. ರಾತ್ರಿಯೆಲ್ಲಾ ನಿದ್ದೆಗೆಟ್ಟವಳಿಗೆ ಹಗಲು ಈ ಮಾತು. ಇದು ಗಾಯದ ಮೇಲೆ ಬರೆ. ಕೂಸಿನ ಬಟ್ಟೆ ತೊಳೆಯುವುದು ಗಂಡಸಿನ ಕೈಗೂ ಬರುತ್ತದೆ, ಬೆರಳೇನೂ ಸವೆಯುವುದಿಲ್ಲ. ಭೇದಿ ಎಂದು ತಿಂಗಳುಗಟ್ಟಲೆ ಬರೀ ಗಂಜಿ ಹಾಕಿ, ಹಾಲು ಬಿಡಿಸಿ, ಮೊಟ್ಟೆ ಬಿಡಿಸಿ, ಮೊದಲೇ ಸೊರಗಿದ ಮಗುವನ್ನು ಇನ್ನಷ್ಟು ಸೊರಗಿಸುವವರೂ ನಾವೇ. ವೈದ್ಯರು ಹೇಳದೆ ಊಟ ಕಡಿಯಬೇಡಿ. ಸೂಜಿ ಡಾಕ್ಟರು ಕೊಟ್ಟದ್ದು ಏನೆಂದು ಕೇಳದೆ ಕೈಯೊಡ್ಡುವವರೂ ನಾವೇ. ಸ್ಟೆರಾಯ್ಡ್ ಕೊಟ್ಟರೆ ನಾಲ್ಕು ದಿನ ಮಗು ಲವಲವಿಕೆಯಿಂದ ಇರುತ್ತದೆ, ರೋಗದ ಗುರುತು ಮುಚ್ಚಿಹೋಗುತ್ತದೆ, ಪತ್ತೆ ಇನ್ನೂ ತಡವಾಗುತ್ತದೆ. ಇನ್ನೊಂದು ಕಡೆ, ತಜ್ಞರು ಬರೆದ ಸ್ಟೆರಾಯ್ಡನ್ನು ‘ಮುಖ ಊದಿತು’ ಎಂದು ಹೇಳದೆ ಕೇಳದೆ ನಿಲ್ಲಿಸುವವರಿದ್ದಾರೆ. ಅದೂ ಅಪಾಯ. ಹಂತ ಹಂತವಾಗಿ ಇಳಿಸಬೇಕು, ಅದನ್ನು ವೈದ್ಯರೇ ಇಳಿಸಬೇಕು.

ಸೋದರಮಾವ, ಅತ್ತೆ ಮಗಳು ಎಂದು ರಕ್ತಸಂಬಂಧದಲ್ಲೇ ಮದುವೆ ಮಾಡುವ ಪದ್ಧತಿ ನಮ್ಮಲ್ಲಿ ಇನ್ನೂ ಹೋಗಿಲ್ಲ. ತೀರಾ ಚಿಕ್ಕ ವಯಸ್ಸಿನಲ್ಲಿ, ಅದರಲ್ಲೂ ಎರಡು ವರ್ಷದೊಳಗೆ ಬರುವ ಈ ರೋಗದ ಕೆಲವು ಬಗೆಗಳಿಗೆ ಹುಟ್ಟಿನಿಂದ ಬಂದ ರಕ್ಷಣಾ ಶಕ್ತಿಯ ದೋಷ ಕಾರಣ. ಅಂಥ ಕೆಲವು ದೋಷಗಳು ರಕ್ತಸಂಬಂಧದ ಮದುವೆಯಲ್ಲಿ ಕಾಣಿಸಿಕೊಳ್ಳುವ ಸಂಭವ ಹೆಚ್ಚು. ಆಗಿಹೋದ ಮದುವೆಗೆ ಯಾರನ್ನೂ ದೂರುವುದು ಬೇಡ. ಮುಂದಿನದನ್ನು ಯೋಚಿಸಿ.

ಏನು ಮಾಡಬೇಕು? ಹೆತ್ತವರು ಇಷ್ಟನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಲಿ. ಭೇದಿ ನಾಲ್ಕು ವಾರ ದಾಟಿದರೆ, ಮಲದಲ್ಲಿ ರಕ್ತ ಪದೇ ಪದೇ ಬಂದರೆ, ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿಯಿದ್ದರೆ, ತೂಕ ಎತ್ತರ ನಿಂತುಹೋದರೆ, ಗುದದ ಸುತ್ತ ಹುಣ್ಣು ಕೀವು ಇದ್ದರೆ, ಬಾಯಿಹುಣ್ಣು, ಕೀಲುನೋವು, ಬಿಟ್ಟು ಬಿಟ್ಟು ಬರುವ ಜ್ವರ ಇವುಗಳಲ್ಲಿ ಒಂದೆರಡು ಕೂಡಿದರೆ, ‘ಇದು ಬರೀ ಆಮಶಂಕೆಯೇ?’ ಎಂದು ವೈದ್ಯರನ್ನು ಬಾಯಿ ಬಿಟ್ಟು ಕೇಳಿ. ಅಂಗನವಾಡಿಯ ತೂಕದ ಚಾರ್ಟಿನ ನಕಲು ತೆಗೆದುಕೊಂಡು ಹೋಗಿ, ಬೆಳವಣಿಗೆ ಯಾವ ತಿಂಗಳು ನಿಂತಿತು ಎಂಬುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ. ಒಂದು ನೋಟ್‌ಬುಕ್ ಇಟ್ಟು ದಿನಕ್ಕೆ ಎಷ್ಟು ಸಲ, ರಕ್ತ ಇತ್ತೇ, ಏನು ಔಷಧಿ, ಬರೆಯಿರಿ. ಹಳೆಯ ಚೀಟಿ, ರಿಪೋರ್ಟು ಒಂದನ್ನೂ ಬಿಸಾಡಬೇಡಿ, ಇಲ್ಲದಿದ್ದರೆ ಪ್ರತಿ ಆಸ್ಪತ್ರೆಯಲ್ಲೂ ಅದೇ ಪರೀಕ್ಷೆಗೆ ಮತ್ತೆ ದುಡ್ಡು ತೆರುತ್ತೀರಿ. ರಕ್ತ ಜಾಸ್ತಿ ಹೋದರೆ, ಹೊಟ್ಟೆ ಉಬ್ಬಿ ಬಿಗಿದರೆ, ಮಗು ಮಂಕಾಗಿ ಮೂತ್ರ ನಿಂತರೆ ಆ ಗಳಿಗೆಯೇ ಆಸ್ಪತ್ರೆಗೆ. ರಕ್ಷಣಾ ಶಕ್ತಿ ತಗ್ಗಿಸುವ ಔಷಧಿ ಶುರುವಾದ ಮೇಲೆ ತಜ್ಞರನ್ನು ಕೇಳದೆ ಲಸಿಕೆ ಹಾಕಿಸಬೇಡಿ, ಕೆಲವು ಲಸಿಕೆ ಆಗ ಸಲ್ಲದು.

ಆದರೆ ತಾಯಿ ತಂದೆಯ ಜಾಣತನದಿಂದ ಮಾತ್ರ ಇದು ಮುಗಿಯುವ ಕೆಲಸವಲ್ಲ. ೨೦೧೩ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ ಬರಬೇಕು. ೩೦ ಬಗೆಯ ತೊಂದರೆಗಳನ್ನು ನೋಡುತ್ತಾರೆ, ಕರುಳಿನ ಉರಿಯೂತ ಆ ಪಟ್ಟಿಯಲ್ಲಿಲ್ಲ. ನಮ್ಮ ಮಗು ಅವರ ಕಣ್ಣಿಗೆ ಬಿದ್ದರೂ ‘ಅಪೌಷ್ಟಿಕತೆ’, ‘ರಕ್ತಹೀನತೆ’ ಎಂದು ಬರೆದು ಕಬ್ಬಿಣದ ಸಿರಪ್ಪು ಕೊಟ್ಟು ಹೋದಾರು. ಆದ್ದರಿಂದ ನಮ್ಮ ಬೇಡಿಕೆಗಳು ಇವು:

೧. ಬೆಂಬಲ ಬೆಲೆಯ ಉತ್ಪಾದನಾ ವೆಚ್ಚದಲ್ಲಿ ರೈತ ಕುಟುಂಬದ ವೈದ್ಯಕೀಯ ಮತ್ತು ವಿದ್ಯಾಭ್ಯಾಸದ ಪಾಲನ್ನು, ಕಾರ್ಮಿಕನಿಗೆ ಒಪ್ಪಿದ ತತ್ವದಂತೆಯೇ, ಸೇರಿಸಬೇಕು.

೨. ಮಕ್ಕಳ ದೀರ್ಘಕಾಲದ ಭೇದಿಗೆ ಬೇಕಾದ ರಕ್ತ, ಮಲ ಪರೀಕ್ಷೆಗಳು ತಾಲ್ಲೂಕು ಆಸ್ಪತ್ರೆಯಲ್ಲೂ, ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆ ಜಿಲ್ಲಾ ಆಸ್ಪತ್ರೆಯಲ್ಲೂ ಪುಕ್ಕಟೆ ಆಗಬೇಕು. ತಿಂಗಳಿಗೊಂದು ದಿನ ಮಕ್ಕಳ ಕರುಳಿನ ತಜ್ಞರು ಜಿಲ್ಲೆಗೆ ಬರಬೇಕು. ರೋಗಿ ಬೆಂಗಳೂರಿಗೆ ಹೋಗುವುದಕ್ಕಿಂತ ವೈದ್ಯರು ಜಿಲ್ಲೆಗೆ ಬರುವುದು ಅಗ್ಗ.

೩. ವಿಮೆ ಹಾಸಿಗೆಗೆ ಕಟ್ಟಿಬೀಳಬಾರದು. ಮಕ್ಕಳ ದೀರ್ಘಕಾಲದ ರೋಗಕ್ಕೆ ಹೊರರೋಗಿ ಪರೀಕ್ಷೆ, ಮಾತ್ರೆ, ಇಂಜೆಕ್ಷನ್, ದ್ರವಾಹಾರ ಎಲ್ಲವೂ ಸೇರಬೇಕು. ಚೀಟಿಯ ಬಣ್ಣ ನೋಡಬಾರದು.

೪. ರಕ್ತಭೇದಿ, ನಿಂತ ಬೆಳವಣಿಗೆ, ತಿಂಗಳು ದಾಟಿದ ಭೇದಿ ಇವನ್ನು ಅಂಗನವಾಡಿ ತಪಾಸಣೆಯ ಪಟ್ಟಿಗೆ ಸೇರಿಸಬೇಕು.

೫. ಸಾಲ ಪರಿಹಾರದ ಯಾವ ಆಜ್ಞೆ ಬಂದರೂ ಆಸ್ಪತ್ರೆಯ ಸಾಲವೂ ಅದರಲ್ಲಿ ಇರಬೇಕು. ಮಗುವಿನ ಚಿಕಿತ್ಸೆಗೆ ಮಾಡಿದ ಸಾಲಕ್ಕೆ ಜಮೀನು ಜಪ್ತಿ ಕೂಡದು.

‘ಇಷ್ಟಕ್ಕೆಲ್ಲಾ ದುಡ್ಡೆಲ್ಲಿ?’ ಎಂದು ವಿಧಾನಸೌಧದವರೂ ದಿಲ್ಲಿಯವರೂ ಒಂದೇ ರಾಗ ಎಳೆಯುತ್ತಾರೆ. ೨೦೧೭ರ ರ‍ಾಷ್ಟ್ರೀಯ ಆರೋಗ್ಯ ನೀತಿಯಲ್ಲಿ ೨೦೨೫ರ ಹೊತ್ತಿಗೆ ದೇಶದ ಉತ್ಪನ್ನದ ನೂರಕ್ಕೆ ಎರಡೂವರೆ ಭಾಗ ಆರೋಗ್ಯಕ್ಕೆ ಸರ್ಕಾರ ಖರ್ಚು ಮಾಡಬೇಕೆಂದು ಬರೆದವರು ಇವರೇ. ೨೦೨೧-೨೨ರಲ್ಲಿ ಮಾಡಿದ್ದು ೧.೮೪. ಅದೇ ವರ್ಷ ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ನೂರಕ್ಕೆ ೩೯ ರೂಪಾಯಿಯನ್ನು ಜನ ತಮ್ಮ ಜೇಬಿನಿಂದಲೇ ಕೊಟ್ಟರು. ಆ ಜೇಬುಗಳಲ್ಲಿ ನಮ್ಮ ಜೇಬೂ ಇದೆ, ನಮ್ಮ ಹೆಂಗಸರ ಓಲೆಯೂ ಇದೆ, ಕೊಟ್ಟಿಗೆಯಿಂದ ಹೊರಟ ಹಸುವೂ ಇದೆ.

ಶಾಸಕರ ಪತ್ರ ಹಿಡಿದು ಮುಖ್ಯಮಂತ್ರಿ ಪರಿಹಾರ ನಿಧಿಗೆ ಅರ್ಜಿ ಹಾಕಿ ಎಂದು ಸಲಹೆ ಕೊಡುವವರಿದ್ದಾರೆ. ಕಷ್ಟದಲ್ಲಿರುವವರು ಹಾಕಲಿ, ಬೇಡ ಎನ್ನುವುದಿಲ್ಲ, ಮಗು ಮೊದಲು. ಆದರೆ ಹಕ್ಕಾಗಿ ಬರಬೇಕಾದದ್ದನ್ನು ಭಿಕ್ಷೆಯಾಗಿ ಪಡೆದವನು ನಾಳೆ ಮತದ ದಿನ ಬಾಯಿ ಮುಚ್ಚಿಕೊಳ್ಳಬೇಕಾಗುತ್ತದೆ ಎಂಬುದೂ ನೆನಪಿರಲಿ.

೧೯೮೦ರಲ್ಲಿ ನರಗುಂದ, ನವಲಗುಂದದ ರೈತರ ಮೇಲೆ ಗುಂಡು ಹಾರಿದ ಮೇಲೆ ಈ ನಾಡಿನ ರೈತ ಎದ್ದು ನಿಂತ. ‘ಅನುಮತಿ ಇಲ್ಲದೆ ಅಧಿಕಾರಿಗಳಿಗೆ ಪ್ರವೇಶವಿಲ್ಲ’ ಎಂದು ಊರ ಬಾಗಿಲಿಗೆ ಬೋರ್ಡು ಹಾಕಿದ. ರೈತ ಸಾಲಗಾರನಲ್ಲ, ಸರ್ಕಾರವೇ ಬಾಕಿದಾರ ಎಂದು ಲೆಕ್ಕ ತಿರುಗಿಸಿ ಹೇಳಿದ. ಆ ಬಾಕಿಯ ಪಟ್ಟಿಯಲ್ಲಿ ನೀರಿನ ಕರ, ಲೆವಿ, ಬೆಲೆಯ ವ್ಯತ್ಯಾಸ ಎಲ್ಲವನ್ನೂ ಬರೆದೆವು. ಮಗುವಿನ ಔಷಧಿಯನ್ನು ಬರೆಯಲಿಲ್ಲ. ಅದು ಮನೆಯೊಳಗಿನ ಮಾತು, ಹೆಂಗಸರ ಮಾತು ಎಂದು ಬಿಟ್ಟೆವು. ತಪ್ಪು ಮಾಡಿದೆವು.

ಮುಂದಿನ ಸಭೆಯಲ್ಲಿ ಪ್ರತಿ ಊರಿನ ಘಟಕ ಎರಡು ಕೆಲಸ ಮಾಡಲಿ. ಅಂಗನವಾಡಿಗೆ ಹೋಗಿ ಬೆಳವಣಿಗೆ ನಿಂತ ಮಕ್ಕಳು ಎಷ್ಟು ಎಂದು ಕೇಳಲಿ. ಊರಿನ ಸಾಲದ ಲೆಕ್ಕ ತೆಗೆಯುವಾಗ ಆಸ್ಪತ್ರೆಯ ಸಾಲಕ್ಕೆ ಬೇರೆ ಕಾಲಂ ಹಾಕಲಿ. ಆ ಸಭೆಗೆ ಹೆಂಗಸರೂ ಬರಲಿ, ಈ ಲೆಕ್ಕ ಅವರಿಗೇ ಚೆನ್ನಾಗಿ ಗೊತ್ತು. ಆ ಲೆಕ್ಕ ಹಿಡಿದು ತಾಲ್ಲೂಕು ಕಛೇರಿಯ ಮುಂದೆ ಕೂರೋಣ. ಮಗುವಿನ ಕಾಯಿಲೆಗೆ ಸಾಲ ಮಾಡಿದವನು ಅಂದು ತಲೆ ತಗ್ಗಿಸಿ ಹಿಂದಿನ ಸಾಲಿನಲ್ಲಿ ಕೂರಬಾರದು. ಮುಂದಿನ ಸಾಲಿನಲ್ಲಿ ಕೂರಬೇಕು.